ಆರ್ಡರ್ ಮೇಲಿಂದ ಬರುತ್ತೆ, ಜನ ಮನೆ ಬಾಗ್ಲಿಗೆ ಬರ್ತಾರೆ

ಅತ್ತಿಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಆಗಿ ಮೂರು ತಿಂಗಳೂ ಸರಿಯಾಗಿ ತುಂಬಿರ್ಲಿಲ್ಲ, ಕೊರೊನಾ ಎರಡನೇ ಅಲೆ ಬಂತು. ಈಗ ಊರಲ್ಲಿ ಮತ್ತೆ ಪಂಚಾಯ್ತಿ ಎಲೆಕ್ಷನ್ ಮಾತು ಶುರುವಾಗಿದೆ, ಹೋದ ವಾರ ಫೋನ್ ಮಾಡ್ದಾಗ "ಮತ್ತೆ ನಿಲ್ತೀರಾ" ಅಂತ ಸುಮ್ನೆ ತಮಾಷೆಗೆ ಕೇಳ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ "ಕರೆಂಟ್ ಬಂತು, ಮೋಟ್ರು ಹಾಕ್ಬೇಕು" ಅಂತ ಇಟ್ಬಿಟ್ರು. 2021ರ ಆ ಮೇ ತಿಂಗಳು ನಾನು ಊರಲ್ಲೇ ಇದ್ದೆ, ವರ್ಕ್ ಫ್ರಮ್ ಹೋಮ್ ಅಂತ ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತ್ಕೊಂಡು, ಯಾಕಂದ್ರೆ ನೆಟ್‌ವರ್ಕ್ ಸಿಗ್ತಿದ್ದಿದ್ದು ಅಲ್ಲಿ ಮಾತ್ರ. ಕೆಳಗಡೆ ಜಗಲಿಯಲ್ಲಿ ನಡೀತಿದ್ದಿದ್ದೆಲ್ಲ ಕಿವಿಗೆ ಬೀಳ್ತಿತ್ತು. ಅದನ್ನೇ ಬರೀತಿದೀನಿ, ಮರ್ತು ಹೋಗೋಕೆ ಮುಂಚೆ.

ನಮ್ಮೂರು ತುಮಕೂರು ಕಡೆ. ತೆಂಗು, ಅಡಿಕೆ, ಸ್ವಲ್ಪ ರಾಗಿ. 2020ರ ಡಿಸೆಂಬರ್ 22 ಮತ್ತು 27ಕ್ಕೆ ರಾಜ್ಯದಲ್ಲಿ ಪಂಚಾಯ್ತಿ ಎಲೆಕ್ಷನ್ ಆಯ್ತಲ್ಲ, ಅದರಲ್ಲಿ ನಮ್ಮ ವಾರ್ಡು ಮಹಿಳೆಗೆ ಮೀಸಲು ಬಂತು. ನಿಲ್ಬೇಕು ಅಂತಿದ್ದಿದ್ದು ಅಣ್ಣ, ನಿಂತಿದ್ದು ಅತ್ತಿಗೆ. ಗೆದ್ರು. ಆಮೇಲೆ ಅಧ್ಯಕ್ಷ ಸ್ಥಾನದ ಮೀಸಲಾತಿನೂ ಮಹಿಳೆಗೇ ಬಂದು, ಲೆಕ್ಕಾಚಾರ ಎಲ್ಲ ಆಗಿ ಅತ್ತಿಗೆ ಕುರ್ಚಿ ಮೇಲೆ ಕೂತ್ರು. ಹಾರ ಹಾಕಿದ ಫೋಟೋದಲ್ಲಿ ಮಧ್ಯದಲ್ಲಿ ನಿಂತಿರೋದು ಅಣ್ಣ. ನಮ್ಮ ಕಡೆ ಇದೇನೂ ಹೊಸದಲ್ಲ ಬಿಡಿ, ಹೆಂಡ್ತಿ ಅಧ್ಯಕ್ಷೆ ಆದ್ರೆ ಜನ ಗಂಡನಿಗೇ "ಅಧ್ಯಕ್ಷ್ರೇ" ಅಂತಾರೆ. ಮೊದಲ ಮೂರು ತಿಂಗಳು ಅತ್ತಿಗೆ ಸೈನ್ ಹಾಕೋದು, ಮೀಟಿಂಗಲ್ಲಿ ಸುಮ್ನೆ ಕೂರೋದು, ವಾಪಸ್ ಬಂದು ಹಾಲು ಕರೆಯೋದು, ಅಷ್ಟೇ.

ಒಂದು ಮಾತು ಹೇಳ್ಬೇಕು, ಮೊದಲನೇ ಅಲೆಯಲ್ಲಿ ಹಳ್ಳಿಗೆ ಅಷ್ಟಾಗಿ ಬಿಸಿ ತಟ್ಟಿರ್ಲಿಲ್ಲ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಗಿತ್ತು, 2020ರ ಮಾರ್ಚಲ್ಲಿ, ನಿಜ. ಆದ್ರೆ ನಮ್ಮೂರಿಗೆ ಅದು ಟಿವಿಯಲ್ಲಿ ಬರೋ ಸುದ್ದಿ. ಊರ ಹುಡುಗ್ರು ರಸ್ತೆಗೆ ಜಾಲಿಮುಳ್ಳು ಎಳ್ದು ಬೇಲಿ ಹಾಕಿದ್ರು, ಬೆಂಗಳೂರಿಂದ ಬಂದವ್ರನ್ನ ಬೈದು ಕಳಿಸಿದ್ರು, ನನ್ನನ್ನೂ ಸೇರಿಸಿ, ಇರ್ಲಿ. ಹಳೇ ಪಂಚಾಯ್ತಿ ಮೆಂಬರ್‌ಗಳ ಅವಧಿ ಆ ವರ್ಷದ ಮಧ್ಯದಲ್ಲಿ ಮುಗಿದು, ಎಲೆಕ್ಷನ್ ಮುಂದಕ್ಕೆ ಹಾಕಿ, ಆಡಳಿತಾಧಿಕಾರಿ ಅಂತ ಯಾರನ್ನೋ ಕೂರಿಸಿದ್ರು. ಅವ್ರು ಯಾರು ಅಂತ ನಮಗೆ ಗೊತ್ತೂ ಇರ್ಲಿಲ್ಲ, ಕೇಳೋ ಪ್ರಸಂಗವೂ ಬರ್ಲಿಲ್ಲ.

ಆ ವರ್ಷ ಒದ್ದಾಡಿದ್ದು ಮೇಲಿನವ್ರು. ಈಗ ಹಿಂದಿರುಗಿ ನೋಡಿದ್ರೆ ಆಗ ಮುಖ್ಯಮಂತ್ರಿ ಆಗಿದ್ದ ಯಡಿಯೂರಪ್ಪನವರ ಬಗ್ಗೆ ಆವಾಗ ನಾನು ಬೈಕೊಂಡಿದ್ದರಲ್ಲಿ ಅರ್ಧ ವಾಪಸ್ ತಗೊಳ್ತೀನಿ, ಇನ್ನರ್ಧ ತಗೊಳಲ್ಲ. ಎಣ್ಣೆ ಅಂಗಡಿ ತೆಗೆದ್ರು ಅಂತ ಎಲ್ಲ ಬೈದ್ರಲ್ಲ, 2020ರ ಮೇ 4ಕ್ಕೆ, ಮೊದಲ ದಿನ 45 ಕೋಟಿ, ಮಾರನೇ ದಿನ 197 ಕೋಟಿ ವ್ಯಾಪಾರ ಆಯ್ತು. ನಾನೂ "ಜೀವಕ್ಕಿಂತ ಎಣ್ಣೆ ಹೆಚ್ಚಾಯ್ತಾ" ಅಂತ ಸ್ಟೇಟಸ್ ಹಾಕಿದ್ದೆ. ಆಮೇಲೆ ಗೊತ್ತಾಗಿದ್ದು, ಜಿಎಸ್‌ಟಿ ಬಂದ್ಮೇಲೆ ರಾಜ್ಯದ ಕೈಲಿ ಸ್ವಂತ ಅಂತ ಉಳಿದಿರೋದೇ ಅಬಕಾರಿ, ಪೆಟ್ರೋಲ್ ಡೀಸೆಲ್ ಮೇಲಿನ ಟ್ಯಾಕ್ಸು, ರಿಜಿಸ್ಟ್ರೇಷನ್ ಶುಲ್ಕ, ಗಾಡಿ ಟ್ಯಾಕ್ಸು ಇಂಥವು. ಲಾಕ್‌ಡೌನಲ್ಲಿ ನಾಲ್ಕೂ ಹೆಚ್ಚುಕಮ್ಮಿ ಬಂದ್. ನೌಕರರ ಸಂಬಳ, ಪೆನ್ಷನ್ ನಿಲ್ಲಲ್ಲ. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋದವ್ರಿಗೆ 5 ಸಾವಿರ ಕೊಡ್ತೀವಿ ಅಂತ 1,610 ಕೋಟಿ ಪ್ಯಾಕೇಜ್ ಬೇರೆ ಅನೌನ್ಸ್ ಮಾಡಿದ್ರು ಅದೇ ವಾರ. ದುಡ್ಡು ಎಲ್ಲಿಂದ ತರ್ತಾರೆ? ಕೇಂದ್ರದಿಂದ ಬರ್ಬೇಕಾದ ಜಿಎಸ್‌ಟಿ ಪರಿಹಾರ ಕೇಳಿದ್ರೆ ಆಗಸ್ಟಲ್ಲಿ ಇದು ದೇವರ ಆಟ, ಆಕ್ಟ್ ಆಫ್ ಗಾಡ್ ಅಂದ್ರು, ಸಾಲ ತಗೊಳ್ಳಿ ಅಂದ್ರು. ಅಂದವ್ರು ನಿರ್ಮಲಾ ಸೀತಾರಾಮನ್, ರಾಜ್ಯಸಭೆಗೆ ಹೋಗಿರೋದು ಕರ್ನಾಟಕದಿಂದಲೇ. ಆವಾಗ ಇಲ್ಲಿ ಇದ್ದಿದ್ದು ಅವ್ರದೇ ಪಾರ್ಟಿ ಸರ್ಕಾರ, ಗಟ್ಟಿಯಾಗಿ ಮಾತಾಡೋ ಹಾಗೂ ಇರ್ಲಿಲ್ಲ.

ವಾಪಸ್ ತಗೊಳ್ದೇ ಇರೋ ಅರ್ಧ ಯಾವ್ದು ಅಂದ್ರೆ, ಅದೇ ಮೇ ಮೊದಲ ವಾರ ಬಿಲ್ಡರ್‌ಗಳ ಜೊತೆ ಮೀಟಿಂಗ್ ಮಾಡಿ ವಲಸೆ ಕಾರ್ಮಿಕರ ರೈಲು ಕ್ಯಾನ್ಸಲ್ ಮಾಡಿಸಿದ್ದು. ಬಿಹಾರ, ಯುಪಿ ಕಡೆಯ ಹುಡುಗ್ರು ಊರಿಗೆ ಹೋಗ್ಬೇಕು ಅಂತ ಗಂಟು ಕಟ್ಕೊಂಡು ನಿಂತಿದ್ರೆ, ಕಟ್ಟಡ ಕೆಲ್ಸಕ್ಕೆ ಜನ ಬೇಕು ಅಂತ ತಡೆಯೋದು ಏನು ನ್ಯಾಯ? ದೇಶಾದ್ಯಂತ ಉಗಿಸ್ಕೊಂಡ್ಮೇಲೆ ಎರಡ್ಮೂರು ದಿನಕ್ಕೆ ವಾಪಸ್ ತಗೊಂಡ್ರು.

ಆರ್ಡರ್ ಹಾಕೋದು ವಾಪಸ್ ತಗೊಳೋದು ಆಮೇಲಾಮೇಲೆ ಅಭ್ಯಾಸವೇ ಆಗ್ಹೋಯ್ತು. ಡಿಸೆಂಬರ್ ಕೊನೇಲಿ ನೈಟ್ ಕರ್ಫ್ಯೂ ಅಂದ್ರು, ಶುರುವಾಗೋಕೆ ಕೆಲವು ಗಂಟೆ ಇರೋವಾಗ ಇಲ್ಲ ಅಂದ್ರು. ಆರೋಗ್ಯಕ್ಕೆ ಒಬ್ರು ಮಂತ್ರಿ, ಮೆಡಿಕಲ್ ಎಜುಕೇಷನ್‌ಗೆ ಇನ್ನೊಬ್ರು, ಕೊರೊನಾ ವಿಷ್ಯ ಮಾತಾಡೋದು ಯಾರು ಅಂತಲೇ ಜಗಳ, ಕೊನೆಗೆ ಅಕ್ಟೋಬರಲ್ಲಿ ಎರಡೂ ಖಾತೆ ಸುಧಾಕರ್ ಅವರಿಗೆ ಕೊಟ್ಟು ಶ್ರೀರಾಮುಲು ಅವರನ್ನ ಸಮಾಜ ಕಲ್ಯಾಣಕ್ಕೆ ಕಳಿಸಿದ್ರು. ಶ್ರೀರಾಮುಲು ಜುಲೈನಲ್ಲಿ ಇನ್ನು ದೇವ್ರೇ ಕಾಪಾಡ್ಬೇಕು ಅನ್ನೋ ಅರ್ಥದಲ್ಲಿ ಮಾತಾಡಿದ್ದಕ್ಕೆ ಎಲ್ಲ ಮುಗಿಬಿದ್ರು. ನಮ್ಮಮ್ಮ ಮಾತ್ರ "ಇದ್ದದ್ದು ಹೇಳ್ದ ಪಾಪ" ಅಂದಿದ್ರು.

ಇರ್ಲಿ, 2021ಕ್ಕೆ ಬರೋಣ. ಎಂ.ಕೆ. ಸುದರ್ಶನ್ ಅವರ ತಾಂತ್ರಿಕ ಸಲಹಾ ಸಮಿತಿ ನವೆಂಬರ್ ಕೊನೇಲೇ ಎರಡನೇ ಅಲೆ ಬರುತ್ತೆ ರೆಡಿ ಆಗಿ ಅಂತ ಬರ್ದು ಕೊಟ್ಟಿತ್ತು. ಆದ್ರೆ ಏಪ್ರಿಲ್ 17ಕ್ಕೆ ಬೆಳಗಾವಿ ಲೋಕಸಭೆ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆ. ಬೆಳಗಾವಿ ಸೀಟು ಖಾಲಿ ಆಗಿದ್ದು ಸುರೇಶ್ ಅಂಗಡಿ ಕೊರೊನಾದಿಂದ ತೀರ್ಕೊಂಡಿದ್ದಕ್ಕೆ, ಬಸವಕಲ್ಯಾಣ ಖಾಲಿ ಆಗಿದ್ದು ನಾರಾಯಣ ರಾವ್ ಅದೇ ಕೊರೊನಾದಿಂದ ತೀರ್ಕೊಂಡಿದ್ದಕ್ಕೆ. ಆ ಸೀಟು ತುಂಬೋಕೆ ಮತ್ತೆ ಸಾವಿರಾರು ಜನ ಸೇರಿಸಿ ರ‍್ಯಾಲಿ. ಪ್ರಚಾರ ಮಾಡಿ ಬಂದ ಮುಖ್ಯಮಂತ್ರಿಗೇ ಏಪ್ರಿಲ್ 16ಕ್ಕೆ ಎರಡನೇ ಸಲ ಪಾಸಿಟಿವ್. ಅದರ ಜೊತೆಗೆ ಸಾರಿಗೆ ನೌಕರರ ಮುಷ್ಕರ, ಬಸ್ಸೇ ಇಲ್ಲ. ಸಿಎಂ ಆಸ್ಪತ್ರೆಯಲ್ಲಿ, ಸರ್ವಪಕ್ಷ ಸಭೆ ನಡೆಸಿದ್ದು ರಾಜ್ಯಪಾಲರು. ಏಪ್ರಿಲ್ 22ಕ್ಕೆ ಮಧ್ಯಾಹ್ನ ಇದ್ದಕ್ಕಿದ್ದಂಗೆ ಪೊಲೀಸ್ರು ಬಂದು ಅಂಗಡಿ ಮುಚ್ಚಿಸೋಕೆ ಶುರು ಮಾಡಿದ್ರು, ತಾಲ್ಲೂಕಲ್ಲಿ ನಮ್ಮ ಪರಿಚಯದ ಬಟ್ಟೆ ಅಂಗಡಿಯವ್ರು ಕಸ್ಟಮರ್‌ನ ಒಳಗಡೆ ಇಟ್ಕೊಂಡೇ ಶಟರ್ ಎಳ್ದಿದ್ರಂತೆ. ಯಾವ ಆರ್ಡರ್, ಎಷ್ಟೊತ್ತಿಗೆ ಬಂತು, ಪೊಲೀಸ್ರಿಗೂ ಸರಿಯಾಗಿ ಗೊತ್ತಿಲ್ಲ.

ಏಪ್ರಿಲ್ 26ಕ್ಕೆ ನಾಳೆಯಿಂದ 14 ದಿನ ಬಂದ್ ಅಂತ ಬಂತು ನೋಡಿ, ಅವತ್ತು ರಾತ್ರಿ ನೆಲಮಂಗಲ ರೋಡಲ್ಲಿ ಗಾಡಿ ಸಾಲು ನೋಡಿದವ್ರಿಗೆ ಗೊತ್ತು. ನಾನೂ ಅದೇ ಸಾಲಲ್ಲಿದ್ದೆ. ಎಲ್ಲ ಊರಿಗೆ. ಬ್ಯಾಗು, ಫ್ಯಾನು, ಗ್ಯಾಸ್ ಸ್ಟೌವ್, ಮಕ್ಕಳು, ಜೊತೆಗೆ ಅದು. ಈ ಸಲ ಜಾಲಿಮುಳ್ಳು ಹಾಕೋರು ಯಾರೂ ಇರ್ಲಿಲ್ಲ, ಯಾಕಂದ್ರೆ ಬರ್ತಿರೋರೆಲ್ಲ ನಮ್ಮವ್ರೇ ಮಕ್ಕಳು.

ಒಂದು ವಾರ ಆಗಿರ್ಬೋದು, ಅಣ್ಣನಿಗೆ ಜ್ವರ. ಪಾಸಿಟಿವ್. ಅಟ್ಟದ ಪಕ್ಕದ ರೂಮಿಗೆ ಹಾಕಿ ಬಾಗ್ಲು ಹಾಕಿದ್ವಿ. ಸೀರಿಯಸ್ ಏನಾಗ್ಲಿಲ್ಲ ಪುಣ್ಯಕ್ಕೆ, ಆದ್ರೆ ಎರಡು ವಾರ ಹೊರಗಡೆ ಬರೋ ಹಾಗಿಲ್ಲ, ಗಂಟಲು ಕಟ್ಟಿ ಫೋನಲ್ಲೂ ಮಾತಾಡೋಕಾಗಲ್ಲ. ಊರಿನ "ಅಧ್ಯಕ್ಷ್ರು" ರೂಮಲ್ಲಿ, ಅಧ್ಯಕ್ಷೆ ಹೊರಗಡೆ. ಜನ ಬಂದು ಜಗಲಿ ಮೇಲೆ ನಿಂತು "ಅಣ್ಣ ಇಲ್ವಾ" ಅಂದಾಗ ಅತ್ತಿಗೆ ಮೊದಲೆರಡು ದಿನ "ಇಲ್ಲ, ಹುಷಾರಿಲ್ಲ" ಅಂತಿದ್ರು. ಮೂರನೇ ದಿನ "ನಂಗೇ ಹೇಳಿ" ಅಂದ್ರು. ಮಹಡಿ ಮೇಲಿಂದ ನನಗೆ ಕೇಳಿಸ್ತು ಅದು, ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಬಗ್ಗಿ ನೋಡ್ದೆ, ಯಾರು ಮಾತಾಡಿದ್ದು ಅಂತ.

ಪೇಪರ್ ಮೇಲೆ ಎಲ್ಲ ಇತ್ತು. ಗ್ರಾಮ ಪಂಚಾಯ್ತಿ ಟಾಸ್ಕ್ ಫೋರ್ಸ್, ಅದಕ್ಕೆ ಅಧ್ಯಕ್ಷರೇ ಹೆಡ್ಡು, ಪಿಡಿಒ, ಆಶಾ, ಅಂಗನವಾಡಿ ಟೀಚರು, ಎಎನ್‌ಎಂ ಎಲ್ಲ ಮೆಂಬರ್ಸು. ಪ್ರಧಾನಿ ಆ ತಿಂಗಳು ಡಿಸಿಗಳ ಜೊತೆ ವಿಡಿಯೋ ಮೀಟಿಂಗ್ ಮಾಡಿ ನೀವು ಫೀಲ್ಡ್ ಕಮಾಂಡರ್ಸ್ ಅಂದಿದ್ರು. ಡಿಸಿ ಕಮಾಂಡರ್ ಆದ್ರೆ ನಮ್ಮತ್ತಿಗೆ ಏನು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ತಿಂಗಳಿಗೆ 3 ಸಾವಿರ ಗೌರವಧನ ಆವಾಗ. ಟಾಸ್ಕ್ ಫೋರ್ಸ್ ಅಂತ ನಿಜವಾಗಿ ಓಡಾಡ್ತಿದ್ದಿದ್ದು ನಾಲ್ಕೇ ಜನ. ಅತ್ತಿಗೆ, ಒಬ್ರು ಆಶಾ, ಒಬ್ಬ ವಾಟರ್‌ಮ್ಯಾನು, ಮತ್ತೆ ಪಿಡಿಒ, ಅವ್ರಿಗೂ ಎರಡು ಪಂಚಾಯ್ತಿ ಚಾರ್ಜು. ಆಶಾ ಬಗ್ಗೆ ಒಂದು ಮಾತು, ಹಿಂದಿನ ವರ್ಷ ಜುಲೈನಲ್ಲಿ ರಾಜ್ಯದ 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಕೊಡಿ ಅಂತ ಸ್ಟ್ರೈಕ್ ಮಾಡಿದ್ರಲ್ಲ, ಇವ್ರೂ ತಾಲ್ಲೂಕು ಆಫೀಸ್ ಮುಂದೆ ಕೂತಿದ್ದವ್ರೇ. ಕೇಳಿದ್ದು ಸಿಗ್ಲಿಲ್ಲ. ಆದ್ರೂ ಬಿಸಿಲಲ್ಲಿ ಮನೆಮನೆ ಅಲೆದು ಯಾರಿಗೆ ಕೆಮ್ಮು ಯಾರಿಗೆ ಜ್ವರ ಅಂತ ಬರ್ಕೊಳ್ತಿದ್ರು, ಜನ ಬಾಗ್ಲು ಹಾಕ್ಕೊಂಡು "ನಮ್ಮನೇಲಿ ಏನಿಲ್ಲ ಹೋಗಮ್ಮ" ಅಂತಿದ್ರು.

ದುಡ್ಡಿನ ಕಥೆ ಹೇಳ್ತೀನಿ. ಮೇ 19ಕ್ಕೆ ಸಿಎಂ 1,250 ಕೋಟಿ ಪ್ಯಾಕೇಜ್ ಹೇಳಿದ್ರು, ಅದರಲ್ಲಿ ಪ್ರತಿ ಗ್ರಾಮ ಪಂಚಾಯ್ತಿಗೆ ಕೋವಿಡ್ ನಿರ್ವಹಣೆಗೆ 50 ಸಾವಿರ. ಟಿವಿಯಲ್ಲಿ ಬಂದ ತಕ್ಷಣ ಊರಿಗೆಲ್ಲ ಗೊತ್ತಾಯ್ತು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಒಬ್ಬ ಬಂದು "ಅಕ್ಕ, ದುಡ್ಡು ಬಂದಿದ್ಯಂತೆ, ನಮ್ಮ ಬೀದಿಗೆ ಔಷಧಿ ಹೊಡ್ಸಿ" ಅಂದ. ಅವರ ಮನಸ್ಸಲ್ಲಿ 50 ಸಾವಿರ ಅತ್ತಿಗೆ ಬೀರುವಿನಲ್ಲಿದೆ. ನಮ್ಮ ಪಂಚಾಯ್ತಿಗೆ ಆರು ಹಳ್ಳಿ. ಭಾಗಿಸಿದ್ರೆ ಹಳ್ಳಿಗೆ ಎಂಟು ಸಾವಿರ ಚಿಲ್ರೆ. ಮಾಸ್ಕು, ಸ್ಯಾನಿಟೈಸರು, ಬ್ಲೀಚಿಂಗ್ ಪೌಡರು, ಆಟೋಗೆ ಮೈಕ್ ಕಟ್ಟಿ ಅನೌನ್ಸ್‌ಮೆಂಟು, ಆಕ್ಸಿಮೀಟರ್ ಆ ಟೈಮಲ್ಲಿ ಒಂದಕ್ಕೆ ಎರಡು ಸಾವಿರದ ಮೇಲೆ ಹೇಳ್ತಿದ್ರು, ಅದೂ ಸಿಕ್ಕಿದ್ರೆ. ದುಡ್ಡು ಖರ್ಚು ಮಾಡೋಕೆ ಅಧ್ಯಕ್ಷರು, ಪಿಡಿಒ ಇಬ್ಬರ ಸಹಿನೂ ಬೇಕು, ಅದೂ ಕಂಪ್ಯೂಟರಲ್ಲಿ, ಡಿಜಿಟಲ್ ಸಹಿ ಇರೋ ಡಾಂಗಲ್ ಚುಚ್ಚಿ. ಅತ್ತಿಗೆ ಡಾಂಗಲ್ ಯಾವಾಗ್ಲೂ ಅಣ್ಣನ ಜೇಬಲ್ಲಿ ಇರ್ತಿತ್ತು. ಆ ಜೇಬು ರೂಮಲ್ಲಿ ಗೂಟಕ್ಕೆ ನೇತಾಡ್ತಿತ್ತು. ಕಿಟಕಿಯಿಂದ ಕೋಲಿಗೆ ಸಿಕ್ಕಿಸಿ ಕೊಟ್ಟ, ಅತ್ತಿಗೆ ಸ್ಯಾನಿಟೈಸರಲ್ಲಿ ಅದ್ದಿದ್ರು, ಅದು ಕೆಟ್ಹೋಯ್ತು! ನಗು ಬರುತ್ತೆ ಈಗ. ಹೊಸ ಡಾಂಗಲ್ ಬರೋವರೆಗೆ ಅಂಗಡಿಯವ್ರ ಹತ್ರ ಸಾಲದಲ್ಲಿ ಬ್ಲೀಚಿಂಗ್ ಪೌಡರ್ ತಂದಿದ್ದು, ಅತ್ತಿಗೆ ಹೆಸರಲ್ಲಿ ಬರ್ಸಿ.

ಮೇ ಕೊನೆ ಹೊತ್ತಿಗೆ ಇನ್ನೊಂದು ಆರ್ಡರು. ಹಳ್ಳಿಗಳಲ್ಲಿ ಇನ್ಮೇಲೆ ಹೋಂ ಐಸೋಲೇಷನ್ ಇಲ್ಲ, ಪಾಸಿಟಿವ್ ಬಂದವ್ರನ್ನ ಕೋವಿಡ್ ಕೇರ್ ಸೆಂಟರ್‌ಗೆ ಸಾಗಿಸ್ಬೇಕು. ವಿಧಾನಸೌಧದಲ್ಲಿ ಕೂತು ನೋಡಿದ್ರೆ ಇದು ಸರಿಯಾದ ಆರ್ಡರೇ, ನಮ್ಮೂರಲ್ಲಿ ಎರಡು ರೂಮಿನ ಮನೇಲಿ ಎಂಟು ಜನ, ಒಂದೇ ಬಚ್ಚಲು, ಐಸೋಲೇಷನ್ ಎಲ್ಲಿಂದ ಬರುತ್ತೆ. ಆದ್ರೆ ಕರ್ಕೊಂಡು ಹೋಗೋದು ಯಾರು? ಸೆಂಟರ್ ಅಂದ್ರೆ ಹದಿನೈದು ಕಿಲೋಮೀಟರ್ ಆಚೆ ಒಂದು ಹಾಸ್ಟೆಲ್ಲು. ಅಲ್ಲಿಗೆ ಹೋದವ್ರು ವಾಪಸ್ ಬರಲ್ಲ ಅಂತ ಊರಲ್ಲಿ ಸುದ್ದಿ, ಕಿಡ್ನಿ ತೆಗಿತಾರೆ ಅನ್ನೋದೂ ಇತ್ತು. ಹಾಸ್ಟೆಲ್ ಪಕ್ಕದ ಊರವ್ರು ನಮ್ಮೂರ ಹತ್ರ ರೋಗಿಗಳು ಬೇಡ ಅಂತ ಅಡ್ಡ ನಿಂತಿದ್ರಂತೆ ಬೇರೆ.

ಕೆಳಗಡೆ ಬೀದಿಯಲ್ಲಿ ಒಬ್ರು ಅಜ್ಜ, ಎಪ್ಪತ್ತೈದು ದಾಟಿದೆ, ಒಂದು ಹಸು, ಒಂದು ಕರು, ಒಬ್ಬರೇ. ಪಾಸಿಟಿವ್ ಬಂತು. ಆಂಬುಲೆನ್ಸ್ ಬಂದು ಬೀದಿ ತುದಿಯಲ್ಲಿ ನಿಂತಿದೆ, ಅಜ್ಜ ಹೊಸ್ತಿಲ ಮೇಲೆ ಕೂತ್ಬಿಟ್ರು. "ಹಸೂಗೆ ಹುಲ್ಲು ಹಾಕೋರು ಯಾರು, ನಿಮ್ಮ ಸರ್ಕಾರ ಹಾಕುತ್ತಾ?" ಅಂತ. ಅತ್ತಿಗೆ ದೂರದಲ್ಲಿ ನಿಂತು ಸೆರಗು ಮುಚ್ಕೊಂಡು ಹೇಳ್ತಾನೇ ಇದ್ರು. ಅಜ್ಜ ಕೊನೆಗೆ ಒಂದು ಮಾತಂದ್ರು. ಅವರ ಅಜ್ಜನ ಕಾಲದಲ್ಲಿ ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬಿಟ್ಟು ತೋಟದಲ್ಲಿ, ಹೊಲದಲ್ಲಿ ಗುಡ್ಲು ಹಾಕ್ಕೊಂಡಿದ್ರಂತೆ, ಇಲಿ ಬಿದ್ರೆ ಊರು ಬಿಡು ಅಂತ. "ನಾನು ತೋಟಕ್ಕೆ ಹೋಗ್ತೀನಿ, ಪಂಪ್‌ಹೌಸಲ್ಲಿ ಇರ್ತೀನಿ, ಯಾರ ತಂಟೆಗೂ ಬರಲ್ಲ, ಹಸು ನಂಜೊತೆ ಇರ್ಲಿ."

ಪ್ಲೇಗಿನ ಕಥೆ ನಮ್ಮ ಕಡೆ ಎಲ್ಲ ಮನೇಲೂ ಒಂದೊಂದು ಇರುತ್ತೆ. 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಲ್ಲಿ ಬೆಂಗಳೂರಿಗೆ ಬಂತು ಅಂತಾರೆ, ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದೇ ಪೇಟೆಯ ಗಿಜಿಗಿಜಿ ಕಮ್ಮಿ ಮಾಡೋಕೆ. ಆವಾಗ್ಲೂ ಅಧಿಕಾರಿಗಳು ಮನೆಗೆ ನುಗ್ಗಿ ಕ್ಯಾಂಪಿಗೆ ಎಳ್ಕೊಂಡು ಹೋಗೋದು, ಜನ ತಿರುಗಿ ಬೀಳೋದು ಎಲ್ಲ ನಡೆದಿತ್ತು, ಶ್ರೀರಂಗಪಟ್ಟಣದ ಪಕ್ಕ ಗಂಜಾಂನಲ್ಲಿ ಗಲಾಟೆನೇ ಆಗಿತ್ತು. ಅಜ್ಜ ಹೇಳಿದ್ದು ಅಧಿಕಾರಿ ಎಳ್ಕೊಂಡು ಹೋಗೋದಲ್ಲ, ಜನ ತಾವಾಗೇ ಆಚೆ ಹೋಗಿದ್ದು.

ಅತ್ತಿಗೆ ಆಂಬುಲೆನ್ಸ್ ವಾಪಸ್ ಕಳಿಸಿದ್ರು. ಪಿಡಿಒ ಫೋನಲ್ಲಿ "ಮೇಡಂ, ರಿಪೋರ್ಟಲ್ಲಿ ಏನು ಬರೀಲಿ, ನಾಳೆ ಏನಾದ್ರೂ ಆದ್ರೆ ನನ್ನ ಸಸ್ಪೆಂಡ್ ಮಾಡ್ತಾರೆ" ಅಂತ ಒದ್ದಾಡಿದ್ರು, ಅವರ ಭಯನೂ ಸುಳ್ಳಲ್ಲ. ಅತ್ತಿಗೆ "ನಾನು ಹೇಳ್ದೆ ಅಂತ ಬರೀರಿ" ಅಂದ್ರು. ಅಷ್ಟು ಹೇಳೋಕೆ ಅವರಿಗೆ ಕಾನೂನಲ್ಲಿ ಅಧಿಕಾರ ಇತ್ತಾ? ಇಲ್ಲ ಅಂತಲೇ ಅನ್ಸುತ್ತೆ. ವಾಟರ್‌ಮ್ಯಾನ್ ಬೆಳಿಗ್ಗೆ ಸಂಜೆ ತೋಟದ ಬೇಲಿ ಹತ್ರ ಊಟ ಇಟ್ಟು ಬರೋದು, ಆಶಾ ದಿನಾ ಹೋಗಿ ಬೆರಳಿಗೆ ಆಕ್ಸಿಮೀಟರ್ ಸಿಕ್ಸಿ ನಂಬರ್ ಬರ್ಕೊಳ್ಳೋದು, 94ಕ್ಕಿಂತ ಕಮ್ಮಿ ಬಂದ್ರೆ ಅಳಲಿ ಕೂಗ್ಲಿ ಎತ್ತಾಕ್ಕೊಂಡು ಹೋಗೋದು ಅಂತ ಮಾತಾಯ್ತು. ಅಜ್ಜ ಹದಿನೇಳು ದಿನ ತೋಟದಲ್ಲಿದ್ದು ಹಸು ಹಿಡ್ಕೊಂಡು ವಾಪಸ್ ಬಂದ್ರು. ಉಲ್ಟಾ ಆಗಿದ್ದಿದ್ರೆ? ಅದನ್ನ ನಾನು ಅತ್ತಿಗೆ ಹತ್ರ ಯಾವತ್ತೂ ಕೇಳಿಲ್ಲ. ಆ ಹದಿನೇಳು ದಿನ ಅವ್ರು ರಾತ್ರಿ ಎದ್ದು ನೀರು ಕುಡಿಯೋ ಶಬ್ದ ಮಾತ್ರ ಕೇಳಿಸ್ತಿತ್ತು.

ಇದೇ ಹೊತ್ತಲ್ಲಿ ಮಹಡಿ ಮೇಲೆ ಕೂತು ನಾನು ನ್ಯೂಸ್ ನೋಡ್ತಿದ್ದೆ. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನ 50,112 ಕೇಸು. ಅವತ್ತೇ ಹೈಕೋರ್ಟು ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಿ ಅಂತ ಕೇಂದ್ರಕ್ಕೆ ಹೇಳ್ತು. ಕೇಂದ್ರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯ್ತು, ಎರಡು ದಿನಕ್ಕೆ ಅಲ್ಲೂ ತಡೆ ಸಿಗ್ಲಿಲ್ಲ. ಯೋಚ್ನೆ ಮಾಡಿ, ಬಳ್ಳಾರಿಯಲ್ಲಿ ಸ್ಟೀಲ್ ಪ್ಲಾಂಟ್ ಇದೆ, ಆಕ್ಸಿಜನ್ ಇಲ್ಲೇ ತಯಾರಾಗುತ್ತೆ, ಯಾರಿಗೆ ಎಷ್ಟು ಅಂತ ಡೆಲ್ಲಿಯಲ್ಲಿ ಬರೀತಾರೆ. ನಮ್ಮ ಮುಖ್ಯಮಂತ್ರಿ ಡೆಲ್ಲಿ ಮುಂದೆ ನಿಂತಿದ್ದಕ್ಕೂ ಅತ್ತಿಗೆ ತಾಲ್ಲೂಕು ಆಫೀಸ್ ಬೆಂಚ್ ಮೇಲೆ ನಾಲ್ಕು ಆಕ್ಸಿಮೀಟರ್‌ಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಿದ್ದಕ್ಕೂ ಏನು ವ್ಯತ್ಯಾಸ ಅಂತ ನನಗೆ ಆಗ ಅನಿಸ್ತು. ಅತ್ತಿಗೆಗೆ ಎರಡು ಕೊಟ್ಟು ಕಳಿಸಿದ್ರು.

ಮಧ್ಯದವ್ರ ಕಥೆ ಇನ್ನೂ ಕಷ್ಟ. ಚಾಮರಾಜನಗರ ನೆನಪಿದೆಯಲ್ಲ, 2020ರಲ್ಲಿ ಜೂನ್‌ವರೆಗೂ ಒಂದೂ ಕೇಸಿಲ್ಲದ ಜಿಲ್ಲೆ ಅಂತ ಎಲ್ಲ ಹೊಗಳ್ತಿದ್ರು. ಅದೇ ಜಿಲ್ಲಾ ಆಸ್ಪತ್ರೆಯಲ್ಲಿ 2021ರ ಮೇ 2ರ ರಾತ್ರಿ ಆಕ್ಸಿಜನ್ ಖಾಲಿ ಆಗಿ, ಬೆಳಗಾಗೋ ಹೊತ್ತಿಗೆ 24 ಸಾವಿನ ಲೆಕ್ಕ. ಸಿಲಿಂಡರ್ ಬರ್ಬೇಕಾಗಿದ್ದು ಮೈಸೂರಿಂದ. ಮೈಸೂರು ಕೊಡ್ಲಿಲ್ಲ ಅಂತ ಇವ್ರು, ಕೊಟ್ಟಿದ್ವಿ ಅಂತ ಅವ್ರು, ಎರಡು ಜಿಲ್ಲೆ ಅಧಿಕಾರಿಗಳ ನಡುವೆ ಟಿವಿ ಮುಂದೆ ಮಾತಿನ ಯುದ್ಧ. ಸರ್ಕಾರ ಮೊದಲು ಆಕ್ಸಿಜನ್ ಇಲ್ದೆ ಸತ್ತಿದ್ದು ಮೂರೇ ಜನ ಅಂದಿತ್ತು, ಹೈಕೋರ್ಟ್ ಕಡೆಯಿಂದ ಹೋದ ನಿವೃತ್ತ ಜಡ್ಜ್ ಸಮಿತಿ ಅದನ್ನ ಒಪ್ಲಿಲ್ಲ. ನನ್ನ ಪ್ರಕಾರ ಇಡೀ ಪಿಡುಗಿನಲ್ಲಿ ಕರ್ನಾಟಕದ ಆಡಳಿತ ತಲೆ ತಗ್ಗಿಸ್ಬೇಕಾದ ರಾತ್ರಿ ಅದು. ಅಲ್ಲಿ ಕೊನೆಗೂ ಒಬ್ಬ ಮನುಷ್ಯ ಗಾಡಿ ಕೀ ತಗೊಂಡು ಸಿಲಿಂಡರ್ ತುಂಬ್ಸಿ ಹೊರಡ್ಬೇಕಿತ್ತು, ಅದು ಯಾರ ಕೆಲ್ಸ ಅಂತ ಬೆಳಗಾದ್ರೂ ತೀರ್ಮಾನ ಆಗ್ಲಿಲ್ಲ.

ಬೆಂಗಳೂರಿನದ್ದು ಬೇರೆ ಥರ. ಬಿಬಿಎಂಪಿ 198 ವಾರ್ಡಿನ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಲ್ಲೇ ಮುಗಿದಿತ್ತು, ಎಲೆಕ್ಷನ್ ಮಾಡ್ಲೇ ಇಲ್ಲ, ಎರಡನೇ ಅಲೆ ಬಂದಾಗ ಒಂದು ಕೋಟಿ ಜನರ ಊರಿಗೆ ಒಬ್ಬನೇ ಒಬ್ಬ ಆರಿಸಿ ಬಂದ ಕಾರ್ಪೊರೇಟರ್ ಇಲ್ಲ. ನನ್ನ ಫ್ರೆಂಡ್ ಒಬ್ಬ ಅವರಪ್ಪನಿಗೆ ಬೆಡ್ ಹುಡುಕ್ತಿದ್ದ. ಮೊದಲು ಬಿಯು ನಂಬರ್ ಬೇಕು, ಅಂದ್ರೆ ಪಾಸಿಟಿವ್ ಬಂದವ್ರಿಗೆ ಕೊಡೋ ರೋಗಿ ನಂಬರ್, ಅದಿಲ್ದೆ ಬೆಡ್ ಇಲ್ಲ, ನಂಬರ್ ಬರೋಕೆ ಲ್ಯಾಬ್ ಅಪ್‌ಲೋಡ್ ಮಾಡ್ಬೇಕು, ಲ್ಯಾಬಿನವ್ರು ಮೂರು ದಿನ ಅಂತಾರೆ, ಬೆಡ್ ಹೆಲ್ಪ್‌ಲೈನ್ 1912ಕ್ಕೆ ಫೋನ್ ಮಾಡಿದ್ರೆ ಮ್ಯೂಸಿಕ್ಕು. ರಾತ್ರಿ ಎರಡು ಗಂಟೆಗೆ ನನಗೆ ಫೋನ್ ಮಾಡಿ "ಮಗಾ, ಬೈಯೋಕಾದ್ರೂ ಯಾರಾದ್ರೂ ಬೇಕಲ್ವಾ ಇಲ್ಲಿ" ಅಂದ. ಅವನ ಏರಿಯಾದ ಹಳೇ ಕಾರ್ಪೊರೇಟರ್ ದುಡ್ಡು ಹೊಡ್ಯೋದ್ರಲ್ಲಿ ಹೆಸರುವಾಸಿ, ಇವನೇ ಎಷ್ಟೋ ಸಲ ಬೈದಿದ್ದ. ಆದ್ರೂ ಅವನ ಮನೆ ಗೇಟ್ ಎಲ್ಲಿದೆ ಅಂತ ಗೊತ್ತಿತ್ತು. ಬೆಡ್ ಹಂಚ್ತಿದ್ದ ಬಿಬಿಎಂಪಿ ವಾರ್ ರೂಮಿಗೆ ಗೇಟ್ ಎಲ್ಲಿದೆ? ನಮ್ಮ ಅತ್ತಿಗೆ ಹತ್ರ ಬೆಡ್ಡೂ ಇರ್ಲಿಲ್ಲ, ಆಕ್ಸಿಜನ್ನೂ ಇರ್ಲಿಲ್ಲ, ಆದ್ರೆ ಜಗಲಿ ಇತ್ತು.

ಅತ್ತಿಗೆ ಎಲ್ಲ ಸರಿ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಹೇಳಿದ್ರೆ ಅವ್ರೇ ಒಪ್ಪಲ್ಲ. ಏಪ್ರಿಲ್ ಕೊನೇಲಿ ಊರಲ್ಲಿ ಒಂದು ಮದುವೆ. 50 ಜನ ಅಂತ ರೂಲ್ಸು, ಬಂದಿದ್ದು ಮುನ್ನೂರರ ಮೇಲೆ. ಹುಡುಗಿ ಅಪ್ಪ ಎಲೆಕ್ಷನಲ್ಲಿ ಅತ್ತಿಗೆ ಪರವಾಗಿ ಓಡಾಡಿದವ್ರು. ನಿಲ್ಸೋಕೆ ಬಾಯಿ ಬರ್ಲಿಲ್ಲ. ಹೋಗಿ ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು, ಊಟ ಮಾಡ್ದೆ ಬಂದ್ರು, ಊಟ ಮಾಡ್ದೆ ಬಂದಿದ್ದೇ ಅವರ ಪ್ರತಿಭಟನೆ. ಹತ್ತು ದಿನಕ್ಕೆ ಆ ಬೀದಿಯಲ್ಲಿ ಸಾಲಾಗಿ ಜ್ವರ. ಮೇಲಿನವ್ರು ಉಪಚುನಾವಣೆ ರ‍್ಯಾಲಿ ಮಾಡಿದ್ದಕ್ಕೆ ನಾನು ಬೈತಿದ್ದೆ, ಅತ್ತಿಗೆ ಟಿವಿ ಆಫ್ ಮಾಡಿ ಎದ್ದು ಹೋದ್ರು, ಆವಾಗ ನನಗೆ ಅರ್ಥ ಆಗಿರ್ಲಿಲ್ಲ.

ವ್ಯಾಕ್ಸಿನ್ ಜಗಳ ಚಿಕ್ಕದಾಗಿ ಹೇಳ್ಬಿಡ್ತೀನಿ. 18 ದಾಟಿದವ್ರಿಗೆ ಅಂತ ಮೇ 10ಕ್ಕೆ ಶುರು ಮಾಡಿದ್ರಲ್ಲ, ಮೊಬೈಲಲ್ಲಿ ಬುಕ್ ಮಾಡ್ಬೇಕು. ಬೆಂಗಳೂರಿನ ಕಾರುಗಳು ಸುತ್ತಮುತ್ತಲ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳಿಗೆ ಬಂದು ಹಾಕ್ಸ್ಕೊಂಡು ಹೋಗ್ತಿದ್ವು, ನಮ್ಮ ಹುಡುಗ್ರಿಗೆ ಸ್ಲಾಟೇ ಸಿಗ್ತಿರ್ಲಿಲ್ಲ. ಊರವ್ರು ಅತ್ತಿಗೆ ಹತ್ರ ಬಂದು ಕಾರು ತಡೀರಿ ಅಂದ್ರು. ಹೇಗೆ ತಡೀತಾರೆ, ಅವ್ರೂ ಬುಕ್ ಮಾಡ್ಕೊಂಡೇ ಬಂದಿರೋದು. ನಾನು ಬೆಂಗಳೂರಿನ ಬೆರಳಲ್ಲಿ ಸ್ಪೀಡಾಗಿ ಒತ್ತಿ ಊರಿನ ಹದಿನಾಲ್ಕು ಜನಕ್ಕೆ ಬುಕ್ ಮಾಡ್ದೆ, ಅದು ನನ್ನ ಒಟ್ಟು ಸಮಾಜಸೇವೆ. ಅಷ್ಟರಲ್ಲಿ ಸ್ಟಾಕ್ ಇಲ್ಲ ಅಂತ ನಿಲ್ಲಿಸಿದ್ರು.

ಜೂನ್ ಹೊತ್ತಿಗೆ ಕಮ್ಮಿ ಆಗ್ತಾ ಬಂತು. ಅಣ್ಣ ರೂಮಿಂದ ಯಾವತ್ತೋ ಹೊರಗಡೆ ಬಂದಿದ್ದ, ಆದ್ರೆ ಜನ ಬಂದ್ರೆ ಅವನನ್ನ ದಾಟಿ ಅಡುಗೆಮನೆ ಕಡೆ ನೋಡ್ತಿದ್ರು. ಅವನಿಗೆ ಸ್ವಲ್ಪ ಇರುಸುಮುರುಸು, ಪಾಪ. ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟಾಗ ಕಣ್ಣೀರು ಹಾಕ್ತಾ ಅಗ್ನಿಪರೀಕ್ಷೆ ಅಂದಿದ್ದನ್ನ ಅತ್ತಿಗೆ ನಿಂತ್ಕೊಂಡೇ ಪೂರ್ತಿ ನೋಡಿದ್ರು. ಏನೂ ಅನ್ಲಿಲ್ಲ.

ಆ ಎರಡು ತಿಂಗಳಲ್ಲಿ ನಮ್ಮ ಪಂಚಾಯ್ತಿಯ ಆರು ಹಳ್ಳಿಯಲ್ಲಿ ಸತ್ತವ್ರ ಹೆಸರು ಅತ್ತಿಗೆ ಒಂದು ನೋಟ್‌ಬುಕ್ಕಲ್ಲಿ ಬರೆದಿದ್ರು, ಮಗನ ನಾಲ್ಕನೇ ಕ್ಲಾಸ್ ಕಾಪಿರೈಟಿಂಗ್ ಪುಸ್ತಕ ಅದು. ಹತ್ತೊಂಬತ್ತು ಹೆಸರು. ಸರ್ಕಾರಿ ಲಿಸ್ಟಲ್ಲಿ ಏಳು. ಉಳಿದ ಹನ್ನೆರಡು ಜನ ಟೆಸ್ಟ್ ಮಾಡಿಸ್ದೇ ಸತ್ತವ್ರು, ಆಂಬುಲೆನ್ಸಿಗೆ ಹೆದರಿ ಒಳಗೇ ಇದ್ದವ್ರು, ಇಲ್ಲ ರಿಪೋರ್ಟ್ ಬರೋಕೆ ಮುಂಚೆ ಹೋದವ್ರು. ಬಿಪಿಎಲ್ ಮನೆಯ ದುಡಿಯೋ ಆಳು ಕೊರೊನಾದಿಂದ ಸತ್ರೆ 1 ಲಕ್ಷ ಅಂತ ಜೂನಲ್ಲಿ ಅನೌನ್ಸ್ ಆಯ್ತಲ್ಲ, ಆಮೇಲೆ ಕೇಂದ್ರದ ಲೆಕ್ಕದಲ್ಲಿ 50 ಸಾವಿರ. ಎಲ್ಲದಕ್ಕೂ ಪಾಸಿಟಿವ್ ರಿಪೋರ್ಟ್ ಬೇಕು. ಅತ್ತಿಗೆ ಹನ್ನೆರಡು ಅರ್ಜಿ ಬರ್ಸಿ ತಗೊಂಡು ಹೋದ್ರು, ಮೂರೋ ನಾಲ್ಕೋ ಸ್ಕ್ಯಾನಿಂಗ್ ಚೀಟಿ ಇದ್ದಿದ್ದಕ್ಕೆ ಆಯ್ತು, ಉಳಿದವು ವಾಪಸ್ ಬಂದ್ವು.

ಅದರಲ್ಲಿ ಒಂದು ಅರ್ಜಿ ಹಿಂದಿನ ಬೀದಿಯ ಹೆಂಗಸಿನದ್ದು. ಗಂಡ ಗಾರೆ ಕೆಲ್ಸದವ್ನು, ನಲವತ್ತೊಂದು ವರ್ಷ. ಅಧ್ಯಕ್ಷೆ ಅವಧಿ 30 ತಿಂಗಳಿಗೆ ಮುಗೀತು, ಆಮೇಲೆ ಬೇರೆಯವ್ರು ಬಂದ್ರು, ಆದ್ರೆ ಆಕೆ ಹೊಸ ಅಧ್ಯಕ್ಷರ ಹತ್ರ ಹೋಗಲ್ಲ. ಡೈರಿಗೆ ಹಾಲು ಹಾಕೋವಾಗ ಅತ್ತಿಗೆ ದಿನಾ ಸಿಕ್ತಾರೆ, ಇಬ್ರೂ ಒಂದೇ ಸಾಲಲ್ಲಿ ಕ್ಯಾನ್ ಹಿಡ್ಕೊಂಡು ನಿಲ್ಲೋದು. ದಿನಾ ಏನೂ ಕೇಳಲ್ವಂತೆ. ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ, ಕ್ಯಾನ್ ಕೆಳಗಿಟ್ಟು, ಮೆಲ್ಲಗೆ "ಅಕ್ಕ, ಅದು ಏನಾದ್ರೂ ಆಯ್ತಾ" ಅಂತಾಳಂತೆ.